ಐದು ಚೀಲ ಯುವಜನ

1982ರ ಏಪ್ರಿಲ್ 12ರ ದಿನಚರಿಯಲ್ಲಿ ಶಿವಗಂಗಮ್ಮನವರು ಬರೆದಿಟ್ಟಿರುವುದು ಇಷ್ಟು: "ಇಂದು ಬಿ.ಎ. ಪದವಿಯ ಪ್ರಮಾಣಪತ್ರ ಅಂಚೆಯಲ್ಲಿ ಬಂತು. ಮನೆ ತುಂಬ ಮದುವೆಯ ನೆಂಟರು, ಮಲಗಲು ಜಾಗವಿರಲಿಲ್ಲ. ಮಿಲ್ಲಿನ ಗೋದಾಮಿನಲ್ಲಿ ಭತ್ತದ ಚೀಲಗಳ ಮೇಲೆ ಮಲಗಿದೆ. ನಿದ್ದೆ ಚೆನ್ನಾಗಿ ಬಂತು."

ರಾಯಚೂರಿನಲ್ಲಿ ಸೂರಿಲ್ಲದ ಯುವಜನರ ಸಮಸ್ಯೆ ಈ ವರ್ಷ ಸಂಪೂರ್ಣವಾಗಿ ಬಗೆಹರಿದದ್ದು ಈ ನಾಲ್ಕು ವಾಕ್ಯಗಳ ಆಧಾರದ ಮೇಲೆ.

ಶಿವಗಂಗಮ್ಮನವರು ಮಾನ್ವಿ ರಸ್ತೆಯಲ್ಲಿರುವ ಅಕ್ಕಿ ಮಿಲ್ಲಿನ ಯಜಮಾನಿ, ಸುಜ್ಞಾನ ಮಹಿಳಾ ಮಂಡಳಿಯ ಅಧ್ಯಕ್ಷೆ, ಆ ಮನೆತನಕ್ಕೆ ಸೊಸೆಯಾಗಿ ಬಂದವರಲ್ಲಿ ಮೊದಲ ಪದವೀಧರೆ. ಈ ಮೂರನೆಯದನ್ನು ಅವರು ತಾವಾಗಿ ಹೇಳಿಕೊಳ್ಳುವುದಿಲ್ಲ. ಪ್ರಮಾಣಪತ್ರ ಪಡಸಾಲೆಯ ಗೋಡೆಯ ಮೇಲಿದೆ. ನಲವತ್ತಕ್ಕೂ ಹೆಚ್ಚು ವರ್ಷಗಳ ದಿನಚರಿಯಲ್ಲಿ ಒಂದು ಅಕ್ಷರವನ್ನೂ ಹೊಡೆದುಹಾಕಿದವರಲ್ಲ. ಮಿಲ್ಲಿನ ದಫ್ತರಗಳಿಗೂ ಅದೇ ನಿಯಮ. ತಪ್ಪು ಮಾಡಿದರೆ ನಡೆದೀತು, ಗೀಟು ಹೊಡೆದರೆ ನಡೆಯದು ಎಂಬುದನ್ನು ಗುಮಾಸ್ತ ರಾಮಲಿಂಗಪ್ಪ ಮೂವತ್ತು ವರ್ಷಗಳಿಂದ ಬಲ್ಲ.

ಮಂಡಳಿ ಪ್ರತಿವರ್ಷ ಏಪ್ರಿಲ್‌ನ ಮೊದಲ ಹದಿನೈದು ದಿನ ಯಾವುದಾದರೂ ಒಂದು ವಿಷಯದ ಬಗ್ಗೆ ಜಾಗೃತಿ ಮೂಡಿಸುತ್ತದೆ. ಹೋದ ವರ್ಷ ಕೈ ತೊಳೆಯುವುದು. ಅದರ ಹಿಂದಿನ ವರ್ಷ ಮುಗುಳ್ನಗೆ. ಈ ವರ್ಷ ಸೂರಿಲ್ಲದ ಯುವಜನರು ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ನಾಲ್ಕು ಸಾವಿರ ಕರಪತ್ರ ಅಚ್ಚಾದವು. "ನೀವು ಹೇಗೆ ನೆರವಾಗಬಹುದು?" ಎಂಬ ತಲೆಬರಹದ ಕೆಳಗೆ, ಸೂರಿಲ್ಲದವರನ್ನು ಕಂಡಲ್ಲಿ ಮರುಕಪಡಬೇಕೆಂದೂ, ಮರುಕಪಟ್ಟ ದಿನಾಂಕ ಮತ್ತು ವೇಳೆಯನ್ನು ಏಳು ದಿನಗಳೊಳಗೆ ಮಂಡಳಿಗೆ ಲಿಖಿತವಾಗಿ ತಿಳಿಸಬೇಕೆಂದೂ, ತಡವಾಗಿ ಬಂದ ಮರುಕವನ್ನು ಪರಿಗಣಿಸಲಾಗುವುದಿಲ್ಲವೆಂದೂ ಸ್ಪಷ್ಟಪಡಿಸಲಾಗಿತ್ತು.

ಮೊದಲು ಸಮೀಕ್ಷೆ. ಸದಸ್ಯೆಯರು ರಾಯಚೂರಿನಲ್ಲಿ ಇನ್ನೂರು, ಮಾನ್ವಿಯಲ್ಲಿ ನೂರು, ದೇವದುರ್ಗದಲ್ಲಿ ನೂರು ಮನೆಗಳಿಗೆ ಹೋಗಿ ಬಾಗಿಲು ತಟ್ಟಿ, "ಈ ಮನೆಯಲ್ಲಿ ಮನೆ ಇಲ್ಲದವರು ಯಾರಾದರೂ ಇದ್ದಾರೆಯೇ?" ಎಂದು ವಿಚಾರಿಸಿದರು. ಒಬ್ಬರೂ ಸಿಗಲಿಲ್ಲ. ಬಾಗಿಲಿಲ್ಲದ ಜಾಗಗಳಲ್ಲಿ ತಟ್ಟಲು ಅನುಕೂಲವಿಲ್ಲದ ಕಾರಣ ಅಲ್ಲಿಗೆ ಹೋಗಲಿಲ್ಲ. ದೇವದುರ್ಗದ ನೂರರಲ್ಲಿ ಅರವತ್ತಕ್ಕೆ ಬೀಗ ಬಿದ್ದಿತ್ತು. ಮನೆಯವರೆಲ್ಲ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋಗಿದ್ದಾರೆಂದು ನೆರೆಯವರು ಹೇಳಿದರು. ಆ ಅರವತ್ತನ್ನು "ಮನೆ ಇದೆ" ಎಂಬ ಕಾಲಮ್ಮಿನಲ್ಲಿ ಸೇರಿಸಲಾಯಿತು.

ಸಮಾರೋಪಕ್ಕೆ ಮೂರು ದಿನ ಉಳಿದಾಗ, ಸೂರಿಲ್ಲದವರೇ ಇಲ್ಲದಿದ್ದರೆ ಶಾಲು ಯಾರಿಗೆ ಹೊದಿಸುವುದು ಎಂಬ ಗಂಭೀರ ಪ್ರಶ್ನೆ ಎದ್ದಿತು. ಆ ಹೊತ್ತಿಗೆ ಕರಪತ್ರದ ಟೇಬಲ್ಲಿನ ಮುಂದೆ ಒಬ್ಬ ಹುಡುಗಿ ಬಂದು ನಿಂತಳು.

"ಯವ್ವಾ, ಸೂರಿಲ್ಲದ ಮಂದಿ ಬೇಕಾಗ್ಯಾರಂತಲ್ರಿ. ನಾವು ಐದು ಮಂದಿ ಅದೀವ್ರಿ."

ಶಿವಗಂಗಮ್ಮ ಕನ್ನಡಕ ಏರಿಸಿ ನೋಡಿದರು. ಒಗೆದ ಚೂಡಿದಾರ, ಎಣ್ಣೆ ಹಚ್ಚಿ ಬಾಚಿದ ಜಡೆ, ಬೆನ್ನಿಗೆ ಪುಸ್ತಕದ ಬ್ಯಾಗು.

"ನೋಡಿದ್ರ ಹಂಗ ಕಾಣಂಗಿಲ್ಲಲ್ಲ ಬೇ."

"ರೇಲ್ವೆ ಸ್ಟೇಷನ್ನಿನ ವೇಟಿಂಗ್ ರೂಮಿನ್ಯಾಗ ಕನ್ನಡಿ ಅದರಿ."

ಹುಡುಗಿಯ ಹೆಸರು ಸಂಘಮಿತ್ರಾ. ದೇವದುರ್ಗದ ಕಡೆಯ ಹಳ್ಳಿಯವಳು, ಎಲೆಕ್ಟ್ರಿಕಲ್ ಡಿಪ್ಲೊಮಾ ಕೊನೆಯ ವರ್ಷ ಮುಗಿಸಿದವಳು. ಓದು ಮುಗಿಯಿತೆಂದು ಹಾಸ್ಟೆಲ್ಲಿನಿಂದ ಹೊರಗೆ ಹಾಕಿದ್ದರು. ತಂದೆತಾಯಿ ಪುಣೆಯಲ್ಲಿ ತಗಡಿನ ಶೆಡ್ಡಿನಲ್ಲಿದ್ದರು. ಊರಿನ ಮನೆಗೆ ಬೀಗವಿತ್ತು, ಬೀಗದ ಹಿಂದೆ ಗೋಡೆ ಬಿದ್ದಿತ್ತು. ಮೇ 28ಕ್ಕೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಅಪ್ರೆಂಟಿಸ್ ಆಯ್ಕೆ ಪರೀಕ್ಷೆ. ಆಯ್ಕೆಯಾದರೆ ಸಂಬಳ, ಜೊತೆಗೆ ಇರಲು ಕೋಣೆ. ಅಲ್ಲಿಯವರೆಗೆ ಒಂದೂವರೆ ತಿಂಗಳು ಎಲ್ಲಾದರೂ ಕೂತು ಓದಬೇಕಿತ್ತು. ಅವಳೊಂದಿಗಿದ್ದ ನಾಲ್ವರು ಗೆಳತಿಯರದೂ ಇದೇ ಕಥೆ.

"ದಿನಾ ಸಂಜಿಕೆ ಇಲ್ಲೇ ಹತ್ರದ ಮಟಮಾರಿ ಸ್ಟೇಷನ್ನಿಗೆ ಐದು ಟಿಕೇಟ್ ತಗೋತೀವ್ರಿ," ಎಂದಳು. "ಹೋಗಂಗಿಲ್ಲ. ಟಿಕೇಟ್ ಇದ್ರ ಪ್ಯಾಸೆಂಜರ್, ಇಲ್ಲಂದ್ರ ಎಬ್ಬಸ್ತಾರ."

ಸಮಾರೋಪ ಬಹಳ ಚೆನ್ನಾಗಿ ನಡೆಯಿತು. ಐವರಿಗೂ ಶಾಲು, ಹಣ್ಣಿನ ಬುಟ್ಟಿ, ಗಾಜಿನೊಳಗೆ ಪುಟ್ಟ ಮನೆಯಿರುವ ನೆನಪಿನ ಕಾಣಿಕೆ. ಒಂಬತ್ತು ಜನ ಮಾತನಾಡಿದರು. ಯುವಜನರೇ ದೇಶದ ಕಂಬಗಳು ಎಂದು ಆರು ಜನ ಹೇಳಿದರು. ಸಂಜೆ ಐದಕ್ಕೆ ಎಲ್ಲರೂ ಮನೆಗೆ ಹೊರಟಾಗ ಕಂಬಗಳು ಐದೂ ಪೆಂಡಾಲಿನಲ್ಲಿ ಕುಳಿತೇ ಇದ್ದವು.

"ಯವ್ವಾ, ಇವತ್ತು ಎಲ್ಲಿ ಮಲಗೂಣ್ರಿ?" ಎಂದಳು ಸಂಘಮಿತ್ರಾ. "ಟಿಕೇಟ್ ತಗೊಂಡಿಲ್ರಿ. ಫಂಕ್ಷನ್ ಅದ ಅಂತ ನಂಬಿದ್ವಿ."

ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ ಅದು. ಆದರೂ ಶಿವಗಂಗಮ್ಮ ಕೇಳಿಸಿಕೊಂಡರು. ಪಕ್ಕದಲ್ಲಿ ಹೂವಿನ ಪಕಳೆ ಗುಡಿಸುತ್ತಿದ್ದ ಮುನವ್ವರ್ ಬೀ ಕೂಡ ಕೇಳಿಸಿಕೊಂಡಳು. ಅವಳು ಮಿಲ್ಲಿನಲ್ಲಿ ಕಾಳು ಗುಡಿಸಿ ಆರಿಸುವ ಹೆಂಗಸು. ಒಂದೇ ಕೋಣೆಯಲ್ಲಿ ಏಳು ಜನರೊಂದಿಗೆ ಇರುವವಳಾದ್ದರಿಂದ ಜಾಗದ ವಿಷಯದಲ್ಲಿ ಅವಳಿಗೆ ತಿಳಿವಳಿಕೆ ಕಡಿಮೆ.

"ಅಮ್ಮಾ, ನಿಮ್ಮ ಮ್ಯಾಲಿನ ಮಾಳಗ್ಯಾಗ ನಾಕು ಖೋಲಿ ಖಾಲಿ ಬಿದ್ದಾವಲ್ಲ."

ಖಾಲಿ ಎಂಬುದು ಅಷ್ಟು ಸರಳವಾಗಿ ಬಳಸುವ ಮಾತಲ್ಲ. ಒಂದು ಕೋಣೆಯಲ್ಲಿ ಪ್ಲಾಸ್ಟಿಕ್ ತೆಗೆಯದ ಸೋಫಾ ಇತ್ತು. ಇನ್ನೊಂದು, ದೀಪಾವಳಿಗೆ ಎರಡು ದಿನ ಬರುವ ಅಳಿಯನದು. ಮೂರನೆಯದರಲ್ಲಿ ಮಂಡಳಿಯ ಫಲಕಗಳು, ನಾಲ್ಕನೆಯದರಲ್ಲಿ ದಿನಚರಿಗಳು. ಹಾಗೆ ನೋಡಿದರೆ ಮನೆಯಲ್ಲಿ ಜಾಗವೇ ಇರಲಿಲ್ಲ. ಜಾಗವಿಲ್ಲದಾಗ ಈ ಮನೆಯವರು ಏನು ಮಾಡಿದ್ದರು ಎಂಬುದಕ್ಕೆ 1982ರ ಲಿಖಿತ ದಾಖಲೆ ಇತ್ತು. ಪದವೀಧರೆಗೆ ಒಗ್ಗಿದ ಗೋದಾಮು ಡಿಪ್ಲೊಮಾದವರಿಗೆ ಒಗ್ಗದೆ ಹೋಗಲು ಕಾರಣವಿರಲಿಲ್ಲ.

ಅಡ್ಡಿ ಮಾಡಿದವನು ರಾಮಲಿಂಗಪ್ಪ.

"ಅಮ್ಮಾರ, ಅವಾಗ ಗೋದಾಮು ನಮ್ದಿತ್ರಿ. ಈಗ ಸರ್ಕಾರಕ್ಕ ಬಾಡಿಗಿ ಕೊಟ್ಟೀವಿ. ಒಳಗ ಭತ್ತ ಬಿಟ್ಟು ಬ್ಯಾರೆ ಏನೂ ಇಡಬಾರದು ಅಂತ ಬರದದ."

"ಹಂಗಾದ್ರ?"

"ಭತ್ತ ಅಂತ ಬರಕೊಂಡ್ರ ಆತಲ್ರಿ."

"ಸುಳ್ಳು ಬರಿಯೂದು ನಮ್ಮ ಮನಿತನದಾಗ ಇಲ್ಲ ರಾಮಲಿಂಗಪ್ಪ."

"ಸುಳ್ಳೆಲ್ಲಿ ಬಂತ್ರಿ? ನಾನು 'ಲಾಟ್ ನಂಬರ್ 88, ಐದು' ಅಂತ ಬರೀತೀನಿ. ಭತ್ತದ ಕಾಲಮ್ಮಿನ್ಯಾಗ ಬರೀತೀನಿ. ಓದಾವ್ರು ಭತ್ತ ಅಂತ ಓದಿಕೊಂಡ್ರ ಅದು ಅವರ ಸುಳ್ಳು."

ಶಿವಗಂಗಮ್ಮನವರಿಗೆ ಈ ತರ್ಕದಲ್ಲಿ ಕುಂದು ಕಾಣಲಿಲ್ಲ.

ಆ ರಾತ್ರಿ ಐವರೂ ಪೆಂಡಾಲಿನಲ್ಲೇ ಮಲಗಿದರು. ಮರುದಿನ ಬೆಳಿಗ್ಗೆ ದಾಸ್ತಾನು ಪಡೆಯುವ ಕ್ರಮ ವಿಧಿವತ್ತಾಗಿ ನಡೆಯಿತು. ಒಬ್ಬೊಬ್ಬರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿದರು. ಎಲ್ಲರಿಗಿಂತ ಕಡಿಮೆ ತೂಗಿದವಳು ಸಂಘಮಿತ್ರಾ, ನಲವತ್ತೊಂದು ಕಿಲೋ. ಅವಳಿಗಿಂತ ಎರಡು ಕಿಲೋ ಹೆಚ್ಚು, ಗೆಳತಿ ದಿಲ್ಶಾದ್. ಬಳಿಕ ತೇವಾಂಶ. ಕಾಳು ಹಾಕುವ ಜಾಗದಲ್ಲಿ ಬೆರಳು ಇಡಿಸಿ ನೋಡಿದಾಗ ಯಂತ್ರ ಇಪ್ಪತ್ತೆರಡು ತೋರಿಸಿತು. ಹದಿನೇಳು ಮೀರುವಂತಿಲ್ಲ.

"ತಲಿ ಮ್ಯಾಲ ನೀರು ಹಾಕ್ಕೊಂಡು ಬಂದೀರಿ," ಎಂದು ರಾಮಲಿಂಗಪ್ಪ ಬೇಸರಪಟ್ಟ. "ಒಣಗಿ ಬರ್ರಿ."

ಐವರೂ ಮಿಲ್ಲಿನ ಅಂಗಳದ ಬಿಸಿಲಿನಲ್ಲಿ ಎರಡು ಗಂಟೆ ನಿಂತರು. ಒಂದೇ ಮಗ್ಗುಲು ಒಣಗಬಾರದೆಂದು ಅರ್ಧ ಗಂಟೆಗೊಮ್ಮೆ ತಿರುಗಿ ನಿಲ್ಲಲು ಹೇಳಲಾಯಿತು. ಏಪ್ರಿಲ್ ತಿಂಗಳ ರಾಯಚೂರಾದ್ದರಿಂದ ತೇವಾಂಶ ಹನ್ನೊಂದಕ್ಕೆ ಇಳಿಯಿತು.

"ಗ್ರೇಡ್ ಏನು ಬರೀಲಿ, ಸಾಮಾನ್ಯ?" ಎಂದ ರಾಮಲಿಂಗಪ್ಪ.

"ಎಂಬತ್ತೊಂದು ಪರ್ಸೆಂಟ್ ಅದರಿ ಕಾಕಾ," ಎಂದಳು ಸಂಘಮಿತ್ರಾ. "ಎ ಗ್ರೇಡ್ ಬರೀರಿ."

"ನಂದು ಎಪ್ಪತ್ತು," ಎಂದಳು ದಿಲ್ಶಾದ್. "ನಂಗ ನುಚ್ಚು ಅಂತ ಬರೀರಿ."

ಲಾಟಿನೊಂದಿಗೆ ಮೂಲ ದಾಖಲೆ ಇರಬೇಕೆಂಬ ನಿಯಮದಂತೆ ಐವರ ಅಂಕಪಟ್ಟಿಗಳನ್ನು ಪಡೆದು ಕಡತಕ್ಕೂ, ಲಾಟಿನ ಚೀಟಿಗಳನ್ನು ಅವರವರ ಓಢಣಿಗೂ ಹೊಲಿಯಲಾಯಿತು. ಪರೀಕ್ಷೆಯ ಪ್ರವೇಶಪತ್ರ ಬಂದಾಗ ಅವನ್ನೂ ಅದೇ ದಾರದಿಂದ ಹೊಲಿದು ಕಪಾಟಿಗೆ ಬೀಗ ಹಾಕಲಾಯಿತು. ದಾಸ್ತಾನು ಪಡೆದ ದಿನದ ದಿನಚರಿಯಲ್ಲೇ ಶಿವಗಂಗಮ್ಮ ಬರೆದಿದ್ದರು: "ಜಿಲ್ಲೆಯಲ್ಲಿ ಸೂರಿಲ್ಲದ ಯುವಜನ: ಯಾರೂ ಇಲ್ಲ."

ಮೊದಲ ಶುಕ್ರವಾರ ಇನ್ಸ್‌ಪೆಕ್ಟರ್ ಪ್ರಭುರಾಜ ಗೋದಾಮಿನ ತಪಾಸಣೆಗೆ ಬಂದರು. ಚೀಲಗಳ ಸಾಲು ನೋಡುತ್ತ ಬಂದು ಮೂಲೆಯಲ್ಲಿ ನಿಂತರು. ಮೂಲೆಯ ನೆಲದ ಮೇಲೆ ಐವರು ಸುತ್ತ ಕೂತು ಟ್ರಾನ್ಸ್‌ಫಾರ್ಮರಿನ ಲೆಕ್ಕ ಬಿಡಿಸುತ್ತಿದ್ದರು.

"ಏನ್ರೀ ಇದು?"

"ಲಾಟ್ ಎಂಬತ್ತೆಂಟ್ರಿ ಸಾಹೇಬ್ರ."

"ಮಾತಾಡಾಕತ್ತಾವಲ್ರೀ."

"ಹೊಸ ತಳಿರಿ."

ಪ್ರಭುರಾಜ ದಫ್ತರ ನೋಡಿದರು. ಲಾಟ್ 88, ಐದು. ಎದುರಿಗೆ ನೋಡಿದರು. ಐದು. ಲೆಕ್ಕ ತಾಳೆಯಾದ ಮೇಲೆ ಇನ್ಸ್‌ಪೆಕ್ಟರಿಗೆ ಕೇಳಲು ಏನೂ ಉಳಿಯುವುದಿಲ್ಲ. ಆದರೆ ಅವರ ಮುಖ ಕೆಂಪಾಯಿತು.

"ಬರೀ ನೆಲದ ಮ್ಯಾಲ ಇಟ್ಟೀರಿ! ನೆಲದ ಥಂಡಿ ಹತ್ತಿ ಮಾಲು ಕೆಟ್ರ ಯಾರು ಜವಾಬ್ದಾರಿ? ಕೆಳಗ ಹಲಗಿ ಹಾಕ್ರಿ. ಗ್ವಾಡಿಗೆ ಹತ್ತಬಾರದು, ಎರಡು ಫೂಟು ಬಿಡ್ರಿ. ಮ್ಯಾಲಿನ ಕಿಟಕಿ ತೆಗೀರಿ, ಗಾಳಿ ಆಡಬೇಕು. ಸೊಳ್ಳಿ, ಹುಳ ಏನೂ ಹತ್ತಬಾರದು. ಮುಂದಿನ ಶುಕ್ರವಾರ ನೋಡ್ತೀನಿ."

ಸಂಜೆಯೊಳಗೆ ಹಲಗೆ ಬಂದವು, ಕಿಟಕಿ ತೆರೆಯಿತು.

"ಹಾಸ್ಟೆಲ್ಲಿನ್ಯಾಗ ಎರಡು ವರ್ಷ ಮಂಚ ಕೇಳಿದ್ವಿ," ಎಂದಳು ದಿಲ್ಶಾದ್, ಹಲಗೆಯ ಮೇಲೆ ಕಾಲು ಚಾಚಿ. "ಭತ್ತ ಅಂತ ಅರ್ಜಿ ಹಾಕಬೇಕಿತ್ತು, ಗೊತ್ತಾಗ್ಲಿಲ್ಲ ನೋಡು."

ಸುದ್ದಿ ಹರಡಿತು. ಮಾನ್ವಿಯ ಮಿಲ್ಲುಗಳವರು ಬಂದು ನೋಡಿಕೊಂಡು ಹೋದರು. ಬಾಗಲವಾಡದ ಒಂದು ಗೋದಾಮಿನಲ್ಲಿ ಹನ್ನೆರಡು, ದೇವದುರ್ಗದಲ್ಲಿ ಒಂಬತ್ತು ಚೀಲ ಯುವಜನ ದಾಸ್ತಾನಾದರು. ದೇವದುರ್ಗದವರು ಸ್ವಲ್ಪ ಅವಸರ ಮಾಡಿ ಗಂಡುಹುಡುಗರನ್ನು ಹತ್ತಿಯ ಕಾಲಮ್ಮಿನಲ್ಲಿ ಬರೆದುಕೊಂಡಿದ್ದರಿಂದ, ತೂಕ ಹೆಚ್ಚಾಯಿತೆಂದು ತಕರಾರು ಬಂತು ಎಂಬುದು ಬಿಟ್ಟರೆ ಎಲ್ಲ ಕಡೆ ವ್ಯವಸ್ಥೆ ಸುಗಮವಾಗಿತ್ತು. ಪ್ರಶ್ನೆ ಕೇಳುತ್ತಿದ್ದವಳು ಮುನವ್ವರ್ ಬೀ ಒಬ್ಬಳೇ, ಅದೂ ರೊಟ್ಟಿ ತರುವಾಗ.

"ಭತ್ತಕ್ಕ ಹೊಟ್ಟಿ ಇರಂಗಿಲ್ಲಂತ ನಿಮ್ಮ ಬುಕ್ಕಿನ್ಯಾಗ ಬರದದ?" ಎಂದು ರಾಮಲಿಂಗಪ್ಪನನ್ನು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗುತ್ತಿದ್ದಳು. ದಿನವೂ ಹನ್ನೊಂದು ಜೋಳದ ರೊಟ್ಟಿ, ಪುಂಡಿಪಲ್ಲೆ. ಸಂಘಮಿತ್ರಾಳ ಮುಂದೆ ಕೂತು ಮೂರನೆಯ ರೊಟ್ಟಿ ಅವಳ ತಾಟಿಗೆ ಹಾಕಿಯೇ ಏಳುತ್ತಿದ್ದಳು. "ತಿನ್ನು ಬೇಟಿ. ಗಾಳಿ ಬಂದ್ರ ಹಾರಿ ಹೋಗ್ತಿ."

ಹೀಗೆ ಮೇ 26 ಬಂತು. ಅಂದು ಬೆಳಿಗ್ಗೆ ಮೇಲಿನ ಕಚೇರಿಯಿಂದ ಸಾಗಣೆಯ ಆದೇಶವೂ ಬಂತು: ಲಾಟ್ 88ನ್ನು ಮರುದಿನ ಮಧ್ಯಾಹ್ನದೊಳಗೆ ಲಾರಿಗೆ ಹೇರಿ, ಮುನ್ನೂರು ಕಿಲೋಮೀಟರ್ ದೂರದ ಗೋದಾಮಿಗೆ ತಲುಪಿಸತಕ್ಕದ್ದು. ದಾಖಲೆಗಳು ಮಾಲಿನ ಜೊತೆಯಲ್ಲೇ ಹೋಗತಕ್ಕದ್ದು.

ಪರೀಕ್ಷೆ 28ಕ್ಕೆ, ಬೆಳಿಗ್ಗೆ ಒಂಬತ್ತಕ್ಕೆ.

ಸಂಘಮಿತ್ರಾ ಆಫೀಸಿನ ಬಾಗಿಲಲ್ಲಿ ಬಂದು ನಿಂತಳು. ಉಳಿದ ನಾಲ್ವರು ಅವಳ ಹಿಂದೆ.

"ಯವ್ವಾ, ಹಾಲ್ ಟಿಕೇಟ್ ಕೊಟ್ಟುಬಿಡ್ರಿ. ಸ್ಟೇಷನ್ನಿಗೆ ಹೋಗ್ತೀವಿ. ಎರಡು ದಿನದ ಮಾತು."

"ಗೇಟ್ ಪಾಸ್ ಇಲ್ದ ಮಾಲು ಹೊರಗ ಹೋದ್ರ ಕಳವು ಅಂತಾರ," ಎಂದ ರಾಮಲಿಂಗಪ್ಪ. "ತಾನ ನಡಕೊಂಡು ಹೋದ್ರೂ ಕಳವ."

"ನಮ್ಮ ಮನಿಗೆ ಕರಕೊಂಡು ಹೋಗ್ತೀನಿ," ಎಂದಳು ಮುನವ್ವರ್ ಬೀ.

"ಐದು ಚೀಲ ಭತ್ತ ಕದ್ದಾಳ ಅಂತ ನಿನ್ನ ಮ್ಯಾಲ ಕೇಸ್ ಆಗ್ತದ ಬೇ."

"ಆಗ್ಲಿ. ಐದು ಚೀಲ ಭತ್ತ ನಾನು ಜನ್ಮದಾಗ ಒಮ್ಮೆ ಕಣ್ಣಿಲೆ ನೋಡಿಲ್ಲ. ಕದ್ದೀನಿ ಅಂದ್ರ ಓಣ್ಯಾಗ ಮರ್ಯಾದಿ ಬರ್ತದ."

ಎಲ್ಲರೂ ಶಿವಗಂಗಮ್ಮನವರ ಕಡೆ ನೋಡಿದರು. ಎದುರಿಗೆ ದಫ್ತರ ತೆರೆದಿತ್ತು. ಲಾಟ್ 88ರ ಸಾಲಿನ ಮೇಲೆ ಒಂದು ಗೀಟು ಹೊಡೆದು, ಪಕ್ಕದಲ್ಲಿ "ಇವರು ಮನುಷ್ಯರು" ಎಂದು ಬರೆದು ರುಜು ಹಾಕಿದರೆ ಕೆಲಸ ಮುಗಿಯುತ್ತಿತ್ತು. ಅವರು ಪೆನ್ನಿನ ಟೊಪ್ಪಿಗೆ ತೆಗೆದರು. ನಿಬ್ಬು ಕಾಗದದ ಮೇಲೆ ಬಂದು ನಿಂತಿತು. ಶಿವಗಂಗಮ್ಮನವರಿಗೆ ಈ ಹುಡುಗಿಯ ಮೇಲೆ ನಿಜವಾಗಿಯೂ ಪ್ರೀತಿಯಿತ್ತು. ದಿನಚರಿಯಲ್ಲಿ ಎರಡು ಬಾರಿ "ಚುರುಕಾದ ಹುಡುಗಿ" ಎಂದು ಬರೆದಿದ್ದರು. ಆದರೆ ಆ ಪುಟದಲ್ಲಿ, ಅದರ ಹಿಂದಿನ ಪುಟದಲ್ಲಿ, ಹಿಂದಿನ ನಲವತ್ತು ವರ್ಷಗಳ ಪುಟಗಳಲ್ಲಿ ಒಂದೇ ಒಂದು ಗೀಟೂ ಇರಲಿಲ್ಲ.

ಅವರು ಟೊಪ್ಪಿಗೆ ಹಾಕಿದರು. "ಬ್ಯಾರೆ ದಾರಿ ಏನದ, ನೋಡು ರಾಮಲಿಂಗಪ್ಪ."

ಬೇರೆ ದಾರಿ ಹುಡುಕಿದವಳು ಸಂಘಮಿತ್ರಾಳೇ. ಒಂದೂವರೆ ತಿಂಗಳು ಗೋದಾಮಿನಲ್ಲಿದ್ದವಳು ಗೋಡೆಗೆ ಅಂಟಿಸಿದ್ದ ನಿಯಮಗಳನ್ನೂ ಓದಿ ಮುಗಿಸಿದ್ದಳು.

"ಇಲಿ ತಿಂದ ಮಾಲಿಗೆ ವಿನಾಯಿತಿ ಅದಲ್ರಿ ಕಾಕಾ? ನಮ್ಮನ್ನ ಇಲಿ ತಿಂದ್ವು ಅಂತ ಬರೀರಿ. ಅದಕ್ಕ ಗೀಟು ಹೊಡಿಯೂದು ಬ್ಯಾಡ. ಕೆಳಗ ಹೊಸ ಸಾಲು."

ರಾಮಲಿಂಗಪ್ಪನ ಕಣ್ಣಲ್ಲಿ ಗೌರವ ಮೂಡಿತು. ನಿಯಮ ತೆಗೆದು ನೋಡಿದ. ಇಲಿಗಳಿಗೆ ವರ್ಷಕ್ಕೆ ಒಂದು ಚೀಲದವರೆಗೆ ತಿನ್ನಲು ಅವಕಾಶವಿತ್ತು. ಹೆಚ್ಚಾದರೆ ವಿಚಾರಣೆ.

"ಒಂದ?" ಎಂದಳು ಸಂಘಮಿತ್ರಾ.

"ಒಂದ."

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ದಿಲ್ಶಾದ್, "ಇಕಿನ್ನ ತಿನ್ನಿಸ್ರಿ. ಎಂಬತ್ತೊಂದು ಪರ್ಸೆಂಟಿನಾಕಿ. ದಾರಿ ಹುಡುಕಿದಾಕೀನೂ ಇಕೀನ," ಎಂದಳು. ಉಳಿದ ಮೂವರೂ ತಲೆಯಾಡಿಸಿದರು.

ಆದರೆ ಇಂಥದ್ದನ್ನೆಲ್ಲ ಬಾಯಿಮಾತಿನಲ್ಲಿ ತೀರ್ಮಾನಿಸಲು ಬರುವುದಿಲ್ಲ. ಇಲಿ ತಿಂದ ಚೀಲ ಉಳಿದವುಗಳಿಗಿಂತ ಹಗುರ ಇರಲೇಬೇಕು. ಇಲ್ಲದಿದ್ದರೆ ಇಲಿ ತಿಂದದ್ದೇನು ಎಂಬ ಪ್ರಶ್ನೆ ಬರುತ್ತದೆ. ಮತ್ತೆ ತಕ್ಕಡಿ ತಂದರು. ಜ್ವರ ಬಂದು ವಾರ ಮಲಗಿ ಎದ್ದಿದ್ದ ದಿಲ್ಶಾದ್ ನಲವತ್ತು ಕಿಲೋ ತೂಗಿದಳು. ಸಂಘಮಿತ್ರಾ ನಲವತ್ತನಾಲ್ಕು. ಮೂರನೆಯ ರೊಟ್ಟಿಗಳು ಕೆಲಸ ಮಾಡಿದ್ದವು.

"ಇನ್ನೊಮ್ಮೆ ತೂಗ್ರಿ," ಎಂದಳು ಮುನವ್ವರ್ ಬೀ.

ಇನ್ನೊಮ್ಮೆ ತೂಗಿದರು. ನಲವತ್ತನಾಲ್ಕು.

ಸಂಘಮಿತ್ರಾ ತಕ್ಕಡಿಯಿಂದ ಇಳಿದು, ದಿಲ್ಶಾದಳ ಓಢಣಿಯ ಮೇಲಿದ್ದ ಲಾಟಿನ ಚೀಟಿಯನ್ನು ಹಲ್ಲಿನಿಂದ ದಾರ ಕಡಿದು ತೆಗೆದಳು. "ಮೂರನೇ ಚಾಪ್ಟರ್ ಇನ್ನೊಮ್ಮೆ ನೋಡ್ಕೊ. ಅದರಾಗ ನಿಂದು ಕಚ್ಚಾ ಅದ," ಎಂದಳು.

ಮರುದಿನ ಮಧ್ಯಾಹ್ನ ಲಾರಿ ಬಂತು. ನಾಲ್ವರು ಹತ್ತಿದರು. ಬಿಸಿಲು ಜಾಸ್ತಿ ಇದ್ದುದರಿಂದ ಮಾಲಿನ ಮೇಲೆ ತಾಡಪತ್ರಿ ಕಟ್ಟಲಾಯಿತು. ಚಾಲಕ ರಸೀದಿ ಕೇಳಿದ, ಎಣಿಸಿದ, ರುಜು ಹಾಕಿದ. ನಾಲ್ಕರಲ್ಲಿ ಒಂದು ಚೀಲ ಅಳುತ್ತಿರುವುದು ಅವನಿಗೆ ಸಂಬಂಧಿಸಿದ್ದಲ್ಲ. ಇಲಿ ತಿಂದ ಮಾಲಿಗೆ ಗೇಟ್ ಪಾಸೂ ದಾಖಲೆಯೂ ಬೇಕಿಲ್ಲವಾದ್ದರಿಂದ ದಿಲ್ಶಾದ್, ಕಡತದಿಂದ ಬಿಚ್ಚಿಕೊಟ್ಟ ಹಾಲ್ ಟಿಕೇಟ್ ಹಿಡಿದು ಮುನವ್ವರ್ ಬೀಯ ಕೋಣೆಯಲ್ಲಿ ಒಂಬತ್ತನೆಯವಳಾಗಿ ಮಲಗಿ, ಬೆಳಿಗ್ಗೆ ಶಕ್ತಿನಗರದ ಬಸ್ಸು ಹತ್ತಿದಳು.

ಅವಳು ಆಯ್ಕೆಯಾದಳು. ಮಂಡಳಿಯ ಸದಸ್ಯೆಯೊಬ್ಬರು ಅವಳಿಗೆ ಸನ್ಮಾನ ಮಾಡೋಣವೆಂದರು. ಇಲಿ ತಿಂದ ಚೀಲಕ್ಕೆ ಶಾಲು ಹೊದಿಸಿದರೆ ದಫ್ತರಕ್ಕೆ ವಿರುದ್ಧವಾಗುತ್ತದೆಂದು ರಾಮಲಿಂಗಪ್ಪ ನೆನಪಿಸಿದ ಮೇಲೆ ಸಭೆ ಮುಂದಿನ ವಿಷಯಕ್ಕೆ ಹೋಯಿತು. ದಾಖಲೆಯ ಪ್ರಕಾರ ಮಿಲ್ಲಿನಲ್ಲಿ ಇಲಿ ಇರುವುದು ಖಚಿತವಾದ್ದರಿಂದ, ಮುಂದಿನ ಏಪ್ರಿಲ್‌ನ ಜಾಗೃತಿ ಇಲಿಗಳ ಬಗ್ಗೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಜೂನ್ ಮೊದಲ ವಾರ ಸಂಘಮಿತ್ರಾ ಫೋನ್ ಮಾಡಿದಳು.

"ಆರಾಮ ಅದೀರೇನವ್ವಾ?" ಎಂದರು ಶಿವಗಂಗಮ್ಮ.

"ಆರಾಮ ಅದೀವ್ರಿ ಯವ್ವಾ. ಇಲ್ಲೂ ಹಲಗಿ ಹಾಕ್ಯಾರ. ಗ್ವಾಡಿಗೆ ಎರಡು ಫೂಟು ಬಿಟ್ಟಾರ. ಇಲ್ಲಿ ನಮ್ಮಂಥಾವ್ರು ಇನ್ನೂ ಹದಿನೆಂಟು ಮಂದಿ ಅದಾರ್ರಿ, ಯಾವ್ಯಾವುದೋ ಜಿಲ್ಲಾದಿಂದ ಬಂದಾವ್ರು." ಆಮೇಲೆ ಹೇಳಿದಳು: "ಮುಂದಿನ ಪರೀಕ್ಷೆ ಯಾವಾಗ ಕರೀತಾರಂತ ಗೊತ್ತಾದ್ರ ಹೇಳ್ರಿ. ಸಾಗಣೆ ತಾರೀಖು ಇಲ್ಲಿ ಮೊದಲ ಕೇಳಿ ಇಟ್ಕೊಂತೀನಿ."

ಶಿವಗಂಗಮ್ಮ ವಿಚಾರಿಸಿ ತಿಳಿಸುವುದಾಗಿ ಹೇಳಿದರು, ವಿಚಾರಿಸಿದರು, ತಿಳಿಸಿದರು. ಮುಂದಿನ ಪರೀಕ್ಷೆ ಎರಡು ವರ್ಷದ ಮೇಲೆ.

ಅಭಿಯಾನಕ್ಕೆ ಕೊನೆಗೆ ತಗುಲಿದ್ದನ್ನು ಅವರು ಅಂದೇ, ಒಂದು ಅಕ್ಷರವೂ ಕೆಡದಂತೆ ಬರೆದಿಟ್ಟಿದ್ದಾರೆ. ಕರಪತ್ರ ನಾಲ್ಕು ಸಾವಿರ. ಶಾಲು ಐದು. ಹಲಗೆ ಹತ್ತು. ಲಾರಿಗೆ ಡೀಸೆಲ್ ಎಪ್ಪತ್ತು ಲೀಟರ್. ನಾಲ್ಕು ಹುಡುಗಿಯರ ಎರಡೆರಡು ವರ್ಷ.